ಕುಚ್ಚಿನ ಸೂಜಿಯೂ ಗಂಟಿನ ಹೆಸರೂ

ಬೆಂಗಳೂರು, ಮುಂಬಯಿ ಮುಂತಾದ ದೊಡ್ಡ ನಗರಗಳಲ್ಲಿ ಈಚಿನ ಕೆಲವು ವರ್ಷಗಳಿಂದ ಒಂದು ಹೊಸ ವಿನೋದವು ಬಳಕೆಗೆ ಬಂದಿರುವುದನ್ನು ನಮ್ಮ ವಾಚಕರಲ್ಲಿ ಹಲವರು ಬಲ್ಲರು. ವಿದ್ಯಾವಂತರಾದ ತರುಣ ತರುಣಿಯರು ರಜೆಯ ದಿನ ಹಣ ತೆತ್ತು ಒಂದು ಕಾರ್ಯಾಗಾರಕ್ಕೆ ಹೋಗುತ್ತಾರೆ. ಬಿಗಿದು ನಿಲ್ಲಿಸಿದ ಬಟ್ಟೆಯ ಮುಂದೆ ನಿಂತು, ಪಿಸ್ತೂಲಿನಂತೆ ಹಿಡಿಯಬಹುದಾದ ಒಂದು ವಿದ್ಯುತ್ ಸೂಜಿಯಿಂದ ಬಣ್ಣಬಣ್ಣದ ನೂಲನ್ನು ಅದರಲ್ಲಿ ಚುಚ್ಚುತ್ತಾರೆ. ಸಂಜೆಯ ವೇಳೆಗೆ ಹೂವೋ ಬೆಕ್ಕಿನ ಮುಖವೋ ಮೂಡಿದ ಪುಟ್ಟ ಹಾಸೊಂದನ್ನು ಕಂಕುಳಲ್ಲಿಟ್ಟುಕೊಂಡು ಮನೆಗೆ ಮರಳುತ್ತಾರೆ. ಇದರಲ್ಲಿ ಆಕ್ಷೇಪಿಸತಕ್ಕದ್ದೇನೂ ಇಲ್ಲ. ಮೊಬೈಲಿನ ಗಾಜನ್ನು ಸವರುವುದರ ಹೊರತು ಬೆರಳುಗಳಿಗೆ ಬೇರೆ ಉದ್ಯೋಗವೇ ಇಲ್ಲದಂತಾಗಿರುವ ಈ ಕಾಲದಲ್ಲಿ ನಾಲ್ಕು ಗಂಟೆ ನೂಲು ಹಿಡಿದವರ ಮೇಲೆ ನಾವು ಮುನಿಯುವುದಾದರೂ ಏಕೆ? ಆದರೆ ಇಲ್ಲಿ ವಿನೋದವಾಗಿರುವ ಅದೇ ಸೂಜಿಯು ಉತ್ತರಪ್ರದೇಶದ ಭದೋಹಿ, ಮಿರ್ಜಾಪುರಗಳ ಕಡೆ ಸಾವಿರಾರು ಸಂಸಾರಗಳ ಅನ್ನವಾಗಿದೆ. ಆ ಅನ್ನದ ವ್ಯಾಪಾರದಲ್ಲಿ ಹೆಸರಿನದೊಂದು ಗೊಂದಲವು ಬೆಳೆದು, ಅನೇಕ ಸಂದರ್ಭಗಳಲ್ಲಿ ಅದು ವಂಚನೆಯ ರೂಪವನ್ನೇ ತಾಳಿದೆ. ಇಂದು ನಾವು ವಾಚಕರ ಗಮನಕ್ಕೆ ತರಬೇಕೆಂದಿರುವುದು ಆ ಹೆಸರಿನ ವಿಷಯ.

ಈ ಉಪಕರಣವನ್ನು ಪೇಟೆಯವರು ‘ಟಫ್ಟಿಂಗ್ ಗನ್’ ಎನ್ನುತ್ತಾರೆ. ಟಫ್ಟ್ ಎಂದರೆ ನಮ್ಮ ಕುಚ್ಚು. ಸೀರೆಯ ಸೆರಗಿಗೆ ಕುಚ್ಚು ಕಟ್ಟಿ ನಾಲ್ಕು ಕಾಸು ಸಂಪಾದಿಸುವ ಹೆಣ್ಣುಮಕ್ಕಳು ನಮ್ಮ ಊರುಗಳಲ್ಲಿ ಬೀದಿಬೀದಿಗೂ ಇರುವುದರಿಂದ ಈ ಮಾತಿಗಾಗಿ ಹೊಸ ಶಬ್ದವನ್ನು ಟಂಕಿಸಬೇಕಾದುದಿಲ್ಲ. ಸೂಜಿಯ ಮೂಲರೂಪವು ಅತ್ಯಂತ ಸರಳವಾದದ್ದು. ಮರದ ಹಿಡಿ, ಅದರ ತುದಿಯಲ್ಲಿ ಕೊಳವೆಯಂತೆ ಟೊಳ್ಳಾದ ಒಂದು ಸೂಜಿ, ನೂಲು ಹಿಡಿಯ ಕಡೆಯಿಂದ ಕೊಳವೆಯೊಳಗೆ ಹಾದು ಮೊನೆಯ ಕಣ್ಣಿನಲ್ಲಿ ಹೊರಬರುತ್ತದೆ. ಚೌಕಟ್ಟಿಗೆ ಬಿಗಿದ ಬಟ್ಟೆಯನ್ನು ಹಿಂಬದಿಯಿಂದ ಚುಚ್ಚಿ ಸೂಜಿಯನ್ನು ಹಿಂದಕ್ಕೆಳೆದರೆ ಮುಂಬದಿಯಲ್ಲಿ ನೂಲಿನ ಒಂದು ಕುಣಿಕೆ ಉಳಿಯುತ್ತದೆ. ಕೂದಲೆಳೆಯಷ್ಟು ಸರಿದು ಮತ್ತೆ ಚುಚ್ಚಿದರೆ ಮತ್ತೊಂದು ಕುಣಿಕೆ. ಗದ್ದೆಯಲ್ಲಿ ಭತ್ತದ ಸಸಿಯನ್ನು ನಾಟಿ ಮಾಡುವುದನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ವಿದ್ಯುತ್ತಿನಿಂದಾಗಲಿ ಒತ್ತಡದ ಗಾಳಿಯಿಂದಾಗಲಿ ನಡೆಯುವ ಸೂಜಿಯಲ್ಲಿ ಇದೇ ಕ್ರಿಯೆಯು ಒಂದು ಸೆಕೆಂಡಿಗೆ ಹಲವು ಸಲ ಜರುಗುತ್ತದೆ; ಸೂಜಿಯೊಡನೆ ಆಡುವ ಪುಟ್ಟ ಕತ್ತರಿಯು ಕುಣಿಕೆಯನ್ನು ಅಲ್ಲಿಂದಲ್ಲಿಗೇ ಕತ್ತರಿಸಿ ಕುಚ್ಚನ್ನಾಗಿ ಮಾಡುತ್ತದೆ.

ಇಷ್ಟರಿಂದ ಕೆಲಸವೆಲ್ಲ ಯಂತ್ರದ್ದೇ ಎಂದು ತಿಳಿಯಬಾರದು. ಕೆಲಸಗಾರನು ಆ ಭಾರವನ್ನು ಎದೆಯ ಮಟ್ಟದಲ್ಲಿ ಹಿಡಿದು, ಅದರ ಪಾದವು ಬಟ್ಟೆಯಿಂದ ಏಳದಂತೆ ಒತ್ತಿಕೊಂಡು, ಗುರುತು ಹಾಕಿದ ಗೆರೆಯ ಮೇಲೆಯೇ ನಡೆಸಬೇಕು. ಒಂದಿಷ್ಟು ವಾಲಿದರೆ ಬಟ್ಟೆ ಹರಿಯುತ್ತದೆ. ಅವನು ದುಡಿಯುವುದು ಹಿಂಬದಿಯಿಂದಾದ್ದರಿಂದ ಚಿತ್ರವೆಲ್ಲ ಕನ್ನಡಿಯಲ್ಲಿ ಕಂಡಂತೆ ಎಡಬಲವಾಗಿರುತ್ತದೆ. ತನ್ನ ಕೆಲಸದ ಮುಖವನ್ನು ನೋಡಬೇಕಾದರೆ ಅವನು ಚೌಕಟ್ಟನ್ನು ಸುತ್ತಿಬರಬೇಕು. ಸದ್ದು, ಉಣ್ಣೆಯ ಧೂಳು, ಭುಜದ ನೋವು ಇವು ಕೂಲಿಯೊಡನೆ ದೊರೆಯುವ ಪಡಿ. ಕುಚ್ಚು ನಾಟಿಯಾದ ಮೇಲೆ ಹಿಂಬದಿಗೆ ರಬ್ಬರಿನ ಹಾಲನ್ನು ಬಳಿಯುತ್ತಾರೆ, ಅದರ ಮೇಲೆ ಮತ್ತೊಂದು ಬಟ್ಟೆಯನ್ನು ಅಂಟಿಸುತ್ತಾರೆ, ಅಂಚನ್ನು ಮಡಿಚಿ ಹೊಲಿಯುತ್ತಾರೆ, ಮುಂಬದಿಯನ್ನು ಸಮವಾಗಿ ಕತ್ತರಿಸುತ್ತಾರೆ. ಈ ಅಂಟಿನ ವಿಷಯವನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದಿನ ವಾದವೆಲ್ಲ ಅದರ ಮೇಲೆ ನಿಂತಿದೆ.

ಕುಚ್ಚು ನಾಟುವ ವಿದ್ಯೆಯು ಅಂಟಿಲ್ಲದೆಯೂ ನಡೆದ ಕಾಲವುಂಟು. ಅಮೆರಿಕದ ಜಾರ್ಜಿಯಾ ಸಂಸ್ಥಾನದಲ್ಲಿ ಡಾಲ್ಟನ್ ಎಂಬ ಊರಿದೆ. ಅದರ ಸಮೀಪದ ಹಳ್ಳಿಯೊಂದರಲ್ಲಿ ಕ್ಯಾಥರೀನ್ ಇವಾನ್ಸ್ ಎಂಬ ಹದಿನೈದು ವರ್ಷದ ಬಾಲಿಕೆಯು 1895ರಲ್ಲಿ, ಹಳೆಯ ಹೊದಿಕೆಯೊಂದರ ಮಾದರಿಯನ್ನು ನೋಡಿ, ಸಾಧಾರಣ ಬಟ್ಟೆಯಲ್ಲಿ ದಪ್ಪ ಹತ್ತಿನೂಲನ್ನು ಸೂಜಿಯಿಂದ ಹಾಯಿಸಿ ತುದಿಗಳನ್ನು ಕತ್ತರಿಸಿ ಕುಚ್ಚಿನ ಮಂಚದ ಹೊದಿಕೆಯನ್ನು ಮಾಡಿದಳು. ಬಳಿಕ ಅದನ್ನು ಬಿಸಿನೀರಿನಲ್ಲಿ ತೊಳೆದಾಗ ಬಟ್ಟೆಯು ಕುಗ್ಗಿ ಕುಚ್ಚುಗಳನ್ನು ತಾನಾಗಿಯೇ ಬಿಗಿಹಿಡಿಯಿತು. 1900ರಲ್ಲಿ ಅವಳ ಮೊದಲ ಹೊದಿಕೆಯು ಎರಡೂವರೆ ಡಾಲರಿಗೆ ಮಾರಾಟವಾಯಿತು. ಅವಳು ವಿದ್ಯೆಯನ್ನು ಮುಚ್ಚಿಡದೆ ನೆರೆಹೊರೆಯ ಹೆಂಗಸರಿಗೆ ಕಲಿಸಿದಳು. ಮೂವತ್ತು ವರ್ಷಗಳೊಳಗಾಗಿ ಆ ಬೆಟ್ಟಸೀಮೆಯ ಸಾವಿರಾರು ಬಡ ಸಂಸಾರಗಳ ಜಗಲಿಗಳಲ್ಲಿ ಈ ಕೆಲಸವು ನಡೆಯುತ್ತಿತ್ತು. ಹೆದ್ದಾರಿಯ ಎರಡು ಮಗ್ಗುಲಲ್ಲಿಯೂ ಹಗ್ಗಗಳ ಮೇಲೆ ಹೊದಿಕೆಗಳನ್ನು ತೂಗುಹಾಕಿ ದಾರಿಹೋಕರಿಗೆ ಮಾರುತ್ತಿದ್ದರು. ಮುಂದೆ ಹೊಲಿಗೆಯಂತ್ರವನ್ನೇ ಮಾರ್ಪಡಿಸಿ ಕುಚ್ಚು ನಾಟುವಂತೆ ಮಾಡಿದರು. 1938ರಲ್ಲಿ ಅಮೆರಿಕದ ಸರಕಾರವು ಕನಿಷ್ಠ ವೇತನದ ಶಾಸನವನ್ನು ಮಾಡಿದ ತರುವಾಯ ಮನೆಗಳಿಗೆ ಕೆಲಸ ಹಂಚುವುದಕ್ಕಿಂತ ಕಾರಖಾನೆಯಲ್ಲಿ ಯಂತ್ರ ನಡೆಸುವುದೇ ಅಗ್ಗವೆಂದು ವರ್ತಕರಿಗೆ ತೋರಿತು. ಜಗಲಿಯ ಕೆಲಸವು ನಿಂತಿತು, ಹೊದಿಕೆಯು ನೆಲಹಾಸಾಯಿತು, ಇಂದು ಅಮೆರಿಕದಲ್ಲಿ ತಯಾರಾಗುವ ನೆಲಹಾಸುಗಳಲ್ಲಿ ಬಹುಭಾಗವು ಡಾಲ್ಟನ್ನಿನ ಸುತ್ತಮುತ್ತಲಿನದು. ಇಷ್ಟಾದರೂ ಅವರು ತಮ್ಮ ಸರಕನ್ನು ಕುಚ್ಚಿನದೆಂದೇ ಮಾರಿದರು. ಪಾರಸೀಕ ದೇಶದ ಗಂಟಿನ ರತ್ನಗಂಬಳಿಯೆಂದು ಮಾರಲಿಲ್ಲ. ಸೂಜಿಯು ಯಾವ ಪಾಪವನ್ನೂ ಮಾಡುವುದಿಲ್ಲವೆಂಬುದಕ್ಕೆ ನಾವು ಈ ಕಥೆಯನ್ನು ಹೇಳಿದೆವು.

ಇನ್ನು ಗಂಟಿನ ವಿಷಯ. ಅಕ್ಬರನ ಕಾಲದಲ್ಲಿ ಆಗ್ರಾ, ಫತೇಪುರ, ಲಾಹೋರುಗಳಲ್ಲಿ ರತ್ನಗಂಬಳಿಯ ನೇಕಾರರಿದ್ದರೆಂದು ಐನ್-ಎ-ಅಕ್ಬರಿಯು ಹೇಳುತ್ತದೆ. ಮೈಸೂರು ಸಂಸ್ಥಾನದ ಕಾಲದಲ್ಲಿ ನಮ್ಮ ಬೆಂಗಳೂರಿನಲ್ಲಿಯೂ ಉಣ್ಣೆಯ ರತ್ನಗಂಬಳಿಗಳು ತಯಾರಾಗುತ್ತಿದ್ದವು. ಇಂಥ ಕಂಬಳಿಯಲ್ಲಿ ಪ್ರತಿಯೊಂದು ಕುಚ್ಚನ್ನೂ ಹಾಸಿನ ಎರಡು ಎಳೆಗಳಿಗೆ ಬೆರಳಿನಿಂದ ಸುತ್ತಿ, ಎಳೆದು, ಕತ್ತರಿಸಿ, ಸಾಲು ಮುಗಿದಾಗ ಹೊಕ್ಕು ಹಾಯಿಸಿ ಪಂಜದಿಂದ ಬಡಿದು ಕೂರಿಸಬೇಕು. ಆರಡಿ ಒಂಬತ್ತಡಿಯ ಒಂದು ಕಂಬಳಿಯಲ್ಲಿ ಚದರ ಅಂಗುಲಕ್ಕೆ ನೂರು ಗಂಟಿನಂತೆ ಲೆಕ್ಕ ಹಾಕಿದರೆ 7,77,600 ಗಂಟುಗಳಾಗುತ್ತವೆ. ನುರಿತ ನೇಕಾರನು ದಿನಕ್ಕೆ ಆರೇಳು ಸಾವಿರ ಗಂಟು ಹಾಕಿದನೆಂದು ಭಾವಿಸಿದರೂ ಒಬ್ಬನಿಗೆ ಸುಮಾರು ನಾಲ್ಕು ತಿಂಗಳ ಎಡೆಬಿಡದ ದುಡಿಮೆ. ಅದೇ ಅಳತೆಯನ್ನು ಕುಚ್ಚಿನ ಸೂಜಿಯು ಕೆಲವೇ ದಿನಗಳಲ್ಲಿ ತುಂಬಬಲ್ಲದು. ಗಂಟು ಕಲಿಯಲು ವರ್ಷಗಳು ಬೇಕು. ಸೂಜಿಯನ್ನು ನಡೆಸಲು ವಾರಗಳು ಸಾಕು. ಬೆಲೆಯಲ್ಲಿ ಅಂತರವಿರುವುದು ಹೀಗೆ ನ್ಯಾಯವೇ ಆಗಿದೆ. ಬಾಳಿಕೆಯಲ್ಲಿಯೂ ಅಂತರವುಂಟು. ಗಂಟಿನ ಕಂಬಳಿಯು ಅಜ್ಜನ ಕಾಲದಿಂದ ಮೊಮ್ಮಗನ ಕಾಲಕ್ಕೆ ಬರುತ್ತದೆ, ಹರಿದರೆ ಮತ್ತೆ ಗಂಟು ಹಾಕಿ ಸರಿಪಡಿಸಬಹುದು. ಕುಚ್ಚಿನದರಲ್ಲಿ ಹಿಂಬದಿಯ ಅಂಟು ವರ್ಷಗಳು ಕಳೆದಂತೆ ಒಣಗಿ ಪುಡಿಪುಡಿಯಾಗುತ್ತದೆ, ಆಗ ಹಿಡಿತವಿಲ್ಲದ ಕುಚ್ಚುಗಳು ಉದುರತೊಡಗುತ್ತವೆ.

ಹಾಗಾದರೆ ಕೊಳ್ಳುವವನಿಗೆ ಇದು ತಿಳಿಯುವುದಿಲ್ಲವೆ? ತಿಳಿಯುವುದಿಲ್ಲ. ಅಂಗಡಿಯ ದೀಪದ ಬೆಳಕಿನಲ್ಲಿ ಎರಡರ ಮುಖವೂ ಒಂದೇ. ಮಾರುವವನು ಎರಡನ್ನೂ ‘ಕೈಯಿಂದ ಮಾಡಿದ್ದು’ ಎನ್ನುತ್ತಾನೆ. ಅವನ ಮಾತು ಪೂರಾ ಸುಳ್ಳೂ ಅಲ್ಲ. ಇಲ್ಲಿಯೇ ಇರುವುದು ಚಮತ್ಕಾರ. ಸೂಜಿಯ ಭಾರವನ್ನು ಹಿಡಿದದ್ದು ಕೈಯೇ ಅಲ್ಲವೆ? ಪೂರಾ ಸುಳ್ಳಾಡಿದವನನ್ನು ಕಾನೂನು ಹಿಡಿಯಬಲ್ಲದು. ನಿಜವನ್ನೇ ಅರ್ಧ ನುಂಗಿ ನಗುವವನನ್ನು ಹಿಡಿಯುವುದು ಕಷ್ಟ. ಆದುದರಿಂದ ವಾಚಕರಿಗೆ ಒಂದು ಉಪಾಯವನ್ನು ಹೇಳಿಬಿಡುತ್ತೇವೆ. ಕಂಬಳಿಯನ್ನು ಮಗುಚಿ ನೋಡಿರಿ. ಹಿಂಬದಿಯಲ್ಲಿಯೂ ಚಿತ್ರವು ಸ್ಪಷ್ಟವಾಗಿ ಮೂಡಿ, ಒಂದೊಂದು ಗಂಟೂ ಎಣಿಸುವಂತಿದ್ದರೆ ಅದು ಗಂಟಿನದು. ಬೆನ್ನಿಗೆ ಬಟ್ಟೆ ಅಂಟಿಸಿದ್ದರೆ ಕುಚ್ಚಿನದು. ತುದಿಯ ಜಾಲರನ್ನೂ ಪರೀಕ್ಷಿಸಿರಿ. ಗಂಟಿನ ಕಂಬಳಿಯಲ್ಲಿ ಅದು ಹಾಸಿನ ಎಳೆಗಳ ಮುಂದುವರಿಕೆ, ಕುಚ್ಚಿನದರಲ್ಲಿ ಜಾಲರಿದ್ದರೆ ಆಮೇಲೆ ಹೊಲಿದ ಅಲಂಕಾರ.

ಸರಕಾರಕ್ಕೆ ಈ ಭೇದವು ತಿಳಿಯದೆಂದು ಯಾರೂ ಹೇಳಲಾರರು. ಪರದೇಶಗಳಿಗೆ ಹೋಗುವ ಸರಕಿಗೆ ಸುಂಕದ ಕಟ್ಟೆಯಲ್ಲಿ ಬರೆಯುವ ಅಂತರರಾಷ್ಟ್ರೀಯ ಸಂಖ್ಯೆಯಲ್ಲಿ ಗಂಟಿನ ಕಂಬಳಿಗೆ 5701 ಎಂದೂ ಕುಚ್ಚಿನದಕ್ಕೆ 5703 ಎಂದೂ ಬೇರೆಬೇರೆಯಾದ ತಲೆಬರಹಗಳಿವೆ. ಅಂದರೆ ಸುಂಕದ ಗುಮಾಸ್ತೆಗೆ ತಿಳಿಸಲೇಬೇಕಾದ ಸಂಗತಿಯನ್ನು ಹಣ ಕೊಡುವ ಗಿರಾಕಿಗೆ ತಿಳಿಸುವುದು ವರ್ತಕನ ಇಷ್ಟಕ್ಕೆ ಬಿಟ್ಟಂತಾಗಿದೆ! ಇನ್ನೂ ಒಂದು ನಿದರ್ಶನವನ್ನು ಕೊಡಬಹುದು. 2023ರಲ್ಲಿ ದಿಲ್ಲಿಯ ನೂತನ ಸಂಸತ್ ಭವನವು ಉದ್ಘಾಟನೆಯಾದಾಗ ಲೋಕಸಭೆಯ ನೆಲಕ್ಕೆ ನವಿಲಿನ, ರಾಜ್ಯಸಭೆಯ ನೆಲಕ್ಕೆ ಕಮಲದ ಚಿತ್ರವುಳ್ಳ ರತ್ನಗಂಬಳಿಗಳನ್ನು ಹಾಸಿದರು. ಭದೋಹಿ, ಮಿರ್ಜಾಪುರಗಳ ಕಡೆಯ ಸುಮಾರು ಒಂಬೈನೂರು ನೇಕಾರರು ಚದರ ಅಂಗುಲಕ್ಕೆ ನೂರಿಪ್ಪತ್ತರಂತೆ, ಸುಮಾರು 35,000 ಚದರ ಅಡಿಯ ಹಾಸಿನಲ್ಲಿ ಅರುವತ್ತು ಕೋಟಿಗೂ ಮಿಕ್ಕಿದ ಗಂಟುಗಳನ್ನು ಕಟ್ಟಿದ್ದರು. ಪ್ರಜೆಗಳ ಪ್ರತಿನಿಧಿಗಳು ಕಾಲಿಡುವ ನೆಲಕ್ಕೆ ಗಂಟಿನದೇ ಆಗಬೇಕೆಂದು ಆರಿಸಿದವರಿಗೆ ಗಂಟಿಗೂ ಕುಚ್ಚಿಗೂ ಇರುವ ಭೇದವನ್ನು ನಾವು ಕಲಿಸಬೇಕಾದುದಿಲ್ಲ. ಆ ಭೇದವನ್ನು ಪ್ರಜೆಗಳ ಮನೆಯ ನೆಲದವರೆಗೂ ತರಬೇಕೆಂಬುದಷ್ಟೆ ನಮ್ಮ ಬೇಡಿಕೆ.

ಹೆಸರನ್ನು ಕಾಪಾಡುವ ಕೆಲಸವು ನಮ್ಮ ದೇಶಕ್ಕೆ ಹೊಸದಲ್ಲ. ಖಾದಿಯ ಚಳವಳಿಯು ಬಲಗೊಂಡಾಗ ಗಿರಣಿಗಳ ಒರಟು ಬಟ್ಟೆಯು ಖಾದಿಯೆಂಬ ಹೆಸರನ್ನು ಧರಿಸಿ ಪೇಟೆಗೆ ಬಂದಿತು. ಹಳ್ಳಿಯ ವಿಧವೆಯೊಬ್ಬಳು ರಾಟೆಯಲ್ಲಿ ತೆಗೆದ ನೂಲಿಗೆ ಸಲ್ಲಬೇಕಾದ ಕಾಸು ಗಿರಣಿಯ ಪಾಲಾಗುತ್ತಿತ್ತು. 1925ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಚರಖಾ ಸಂಘವು ಶುದ್ಧ ಖಾದಿಯ ಅಂಗಡಿಗಳಿಗೆ ಪ್ರಮಾಣಪತ್ರಗಳನ್ನು ಕೊಡತೊಡಗಿತು. ಕೊನೆಗೆ 1934ರಲ್ಲಿ, ಪರರ ಆಳ್ವಿಕೆಯ ಕಾಲದಲ್ಲಿಯೇ, ಖಾದಿಯ ಹೆಸರನ್ನು ರಕ್ಷಿಸುವ ಶಾಸನವು ಬಂದಿತು. ಭಾರತದಲ್ಲಿ ಕೈಯಿಂದ ನೂತ ಹತ್ತಿನೂಲನ್ನು ಭಾರತದ ಕೈಮಗ್ಗದಲ್ಲಿ ನೇಯ್ದ ಬಟ್ಟೆಯೇ ಖಾದಿಯೆಂಬುದು ಅದರ ಸಾರ. ಖಾದಿಯನ್ನು ಉಡುವವರನ್ನು ಸೆರೆಮನೆಗೆ ಕಳುಹಿಸುತ್ತಿದ್ದ ಸರಕಾರವೂ ಖಾದಿಯ ಹೆಸರನ್ನು ಕದಿಯುವುದು ತಪ್ಪೆಂದು ಒಪ್ಪಬೇಕಾಯಿತು. ಸ್ವತಂತ್ರ ಭಾರತದಲ್ಲಿ 2006ರಲ್ಲಿ ಕೈಮಗ್ಗದ ಮುದ್ರೆಯೂ 2013ರಲ್ಲಿ ಖಾದಿಯ ಮುದ್ರೆಯ ನಿಯಮಗಳೂ ಬಂದವು. 2010ರಲ್ಲಿ ಭದೋಹಿಯ ‘ಕೈಯಿಂದ ಮಾಡಿದ ರತ್ನಗಂಬಳಿ’ಗೆ ಭೌಗೋಳಿಕ ಸೂಚಿಯ ನೋಂದಣಿಯು ದೊರೆಯಿತು. ಇವೆಲ್ಲ ಮೆಚ್ಚತಕ್ಕವು. ಆದರೆ ಊರು ಯಾವುದೆಂಬುದು ಗಿರಾಕಿಯ ಅರ್ಧ ಪ್ರಶ್ನೆ ಮಾತ್ರ. ಕೈಯು ಏನು ಮಾಡಿತೆಂಬುದು ಉಳಿದ ಅರ್ಧ. ಕಾಶ್ಮೀರದಲ್ಲಿ ಈ ಎರಡನೆಯ ಅರ್ಧಕ್ಕೂ ಉತ್ತರ ಕೊಡುವ ಪ್ರಯತ್ನವು ನಡೆದಿದೆ. ಅಲ್ಲಿಯ ಕೈಗಂಟಿನ ಕಂಬಳಿಗೆ 2022ರಲ್ಲಿ ಕ್ಯೂಆರ್ ಸಂಕೇತವುಳ್ಳ ಚೀಟಿಯನ್ನು ಜಾರಿಗೆ ತಂದರು. ಮೊಬೈಲನ್ನು ಹಿಡಿದರೆ ನೇಯ್ದವರ ಮತ್ತು ನೇಯ್ಗೆಯ ವಿವರಗಳು ತಿಳಿಯುತ್ತವೆ. ಕಾಶ್ಮೀರಕ್ಕೆ ಸಾಧ್ಯವಾದದ್ದು ಉಳಿದ ದೇಶಕ್ಕೆ ಅಸಾಧ್ಯವೆಂದು ನಾವು ನಂಬಲಾರೆವು.

ಗಂಟನ್ನು ಹೊಗಳುವ ಭರದಲ್ಲಿ ಅದರ ಇತಿಹಾಸದ ಕಲೆಯನ್ನು ಮರೆಮಾಡುವುದು ಪತ್ರಿಕಾಧರ್ಮವಲ್ಲ. ಮಿರ್ಜಾಪುರ, ಭದೋಹಿಗಳ ಮಗ್ಗದ ಗುಂಡಿಗಳಲ್ಲಿ ಎಳೆಯ ಮಕ್ಕಳನ್ನು ಕೂರಿಸಿ ಗಂಟು ಹಾಕಿಸಿದ ಕಥೆಯು ಸುಪ್ರೀಂ ಕೋರ್ಟಿನವರೆಗೂ ಹೋಗಿ, 1997ರಲ್ಲಿ ನ್ಯಾಯಾಧೀಶರು ಕಠಿಣವಾದ ಮಾತುಗಳನ್ನು ಆಡಬೇಕಾಯಿತು. ಮಕ್ಕಳ ದುಡಿಮೆಯಿಲ್ಲದ ಕಂಬಳಿಯೆಂದು ಗುರುತಿಸುವ ‘ರಗ್‌ಮಾರ್ಕ್’ ಎಂಬ ಚೀಟಿಯು 1994ರಲ್ಲಿ ಹುಟ್ಟಿದ್ದು, ಅದರ ಹಿಂದೆ ಕೈಲಾಶ್ ಸತ್ಯಾರ್ಥಿಯವರ ದುಡಿಮೆಯಿದ್ದದ್ದು ವಾಚಕರಿಗೆ ತಿಳಿದೇ ಇದೆ. ಮಗುವಿನ ಸಣ್ಣ ಬೆರಳೇ ಗಂಟಿಗೆ ಹದವೆಂದು ವಾದಿಸಿದ ವರ್ತಕರಿದ್ದರು. ಆ ವಾದವನ್ನು ನಾವು ಆಗಲೂ ಈಗಲೂ ಒಪ್ಪತಕ್ಕವರಲ್ಲ. ಒಂದು ಚೀಟಿಯು ಪೇಟೆಯ ನಡತೆಯನ್ನು ತಿದ್ದಬಲ್ಲದೆಂಬುದಕ್ಕೂ ಇದೇ ಪ್ರಕರಣವು ಸಾಕ್ಷಿಯಾಗಿದೆ.

ಕುಚ್ಚಿನ ಕೆಲಸಗಾರನ ಪಕ್ಷವನ್ನು ವಹಿಸಿಯೂ ಎರಡು ಮಾತು ಹೇಳುವುದು ಅಗತ್ಯ. ಗಂಟಿನ ನೇಕಾರನ ಅಭಿಮಾನಿಗಳಲ್ಲಿ ಕೆಲವರು ಈ ಸೂಜಿಯನ್ನೇ ನಿಷೇಧಿಸಬೇಕೆನ್ನುವುದನ್ನು ನಾವು ಕೇಳಿದ್ದೇವೆ. ಇದು ಅವಿಚಾರದ ಮಾತು. ಮಧ್ಯಮವರ್ಗದ ಗೃಹಸ್ಥನಿಗೆ ಮನೆಯ ಹಜಾರದಲ್ಲಿ ಬಣ್ಣದ ಮೆತ್ತನೆಯ ಹಾಸೊಂದು ಬೇಕೆಂಬ ಆಸೆಯು ಅಪರಾಧವಲ್ಲ. ನಾಲ್ಕು ತಿಂಗಳ ದುಡಿಮೆಯ ಬೆಲೆಯನ್ನು ಅವನು ತೆರಲಾರನು. ಭೂಮಿಯಿಲ್ಲದ ಯುವಕನಿಗೆ ಕೆಲವು ವಾರಗಳಲ್ಲಿ ಕಲಿತು ಕೂಲಿ ಗಳಿಸುವ ಮಾರ್ಗವು ತೆರೆದರೆ ಅದನ್ನು ಮುಚ್ಚುವ ಹಕ್ಕು ಯಾರಿಗಿದೆ? ನಿಜವಾಗಿ ನೋಡಿದರೆ ಹೆಸರಿನ ಗೊಂದಲದಿಂದ ನಷ್ಟಹೊಂದುವವರಲ್ಲಿ ಇವನೂ ಒಬ್ಬ. ಕುಚ್ಚಿನ ಕೆಲಸವನ್ನು ಗಂಟಿನದೆಂದು ಮಾರಿದಾಗ ಏರಿದ ಬೆಲೆಯ ಲಾಭವು ಅಂಗಡಿಯವನಿಗೆ. ಇವನಿಗೆ ಬರುವುದು ಅಳತೆಯ ಮೇಲಿನ ಅದೇ ಕೂಲಿ. ಅಂಟು ಪುಡಿಯಾಗಿ ಕಂಬಳಿಯು ಕೆಟ್ಟಾಗ ಕೆಟ್ಟ ಹೆಸರು ಮಾತ್ರ ಇಡೀ ಭಾರತೀಯ ಕಸಬುದಾರಿಕೆಗೆ. ಕುಚ್ಚಿನದನ್ನು ಕುಚ್ಚಿನದೆಂದೇ ಹೇಳಿ ಮಾರಿದರೆ ಅದರೊಳಗೂ ಉತ್ತಮ ಮಧ್ಯಮ ಅಧಮಗಳ ವಿಮರ್ಶೆಯು ಹುಟ್ಟುತ್ತದೆ: ಉಣ್ಣೆ ಎಷ್ಟು ಶುದ್ಧ, ಕುಚ್ಚು ಎಷ್ಟು ದಟ್ಟ, ಅಂಟು ಎಂಥದು ಎಂದು ಗಿರಾಕಿಯು ಕೇಳತೊಡಗುತ್ತಾನೆ. ಆಗ ಒಳ್ಳೆಯ ಸೂಜಿಗಾರನಿಗೂ ಬೆಲೆ ಬರುತ್ತದೆ.

ಈ ವಿಷಯವನ್ನು ಈಗಲೇ ಎತ್ತುವುದಕ್ಕೆ ಕಾರಣವುಂಟು. ನಮ್ಮ ಕೈಕೆಲಸದ ಕಂಬಳಿಗಳ ರಫ್ತಿನಲ್ಲಿ ಅರ್ಧಕ್ಕಿಂತ ಹೆಚ್ಚಿನ ಭಾಗವು ಅಮೆರಿಕಕ್ಕೆ ಹೋಗುವಂಥದು. 2025ರ ಆಗಸ್ಟ್ ತಿಂಗಳಲ್ಲಿ ಆ ದೇಶವು ಭಾರತದ ಸರಕಿನ ಮೇಲಿನ ಹೆಚ್ಚುವರಿ ಸುಂಕವನ್ನು ನೂರಕ್ಕೆ ಐವತ್ತರವರೆಗೆ ಏರಿಸಿದಾಗ ಭದೋಹಿಯ ಕಾರಖಾನೆಗಳಲ್ಲಿ ಬೇಡಿಕೆಗಳು ನಿಂತು ನೇಕಾರರು ಕೈಕಟ್ಟಿ ಕೂರುವಂತಾಯಿತು. ಒಬ್ಬನೇ ಗಿರಾಕಿಯನ್ನು ನಂಬಿದ ವ್ಯಾಪಾರದ ಪಾಡೇ ಹೀಗೆ. ಸ್ವದೇಶದ ಪೇಟೆಯನ್ನು ಬೆಳೆಸಬೇಕೆಂದು ಆಗ ಎಲ್ಲರೂ ಹೇಳಿದರು. ಆದರೆ ಸ್ವದೇಶದ ಗಿರಾಕಿಯು ಎರಡು ಸಲ ಮೋಸಹೋದ ಮೇಲೆ ಮೂರನೆಯ ಸಲ ಯಂತ್ರದಲ್ಲಿ ನೇಯ್ದ ಅಗ್ಗದ ಹಾಸನ್ನೇ ಕೊಂಡುಕೊಳ್ಳುತ್ತಾನೆ. ಅವನಿಗೆ ದೇಶಾಭಿಮಾನದ ಉಪನ್ಯಾಸವನ್ನು ಮಾಡಿ ಫಲವಿಲ್ಲ.

ನಮ್ಮ ನಾಡಿಗೂ ಇದು ದೂರದ ಮಾತಲ್ಲ. ಧಾರವಾಡ ಜಿಲ್ಲೆಯ ನವಲಗುಂದದ ಜಮಖಾನೆಯು ಗಂಟಿನದೂ ಅಲ್ಲ, ಕುಚ್ಚಿನದೂ ಅಲ್ಲ. ನೆಟ್ಟಗೆ ನಿಲ್ಲಿಸಿದ ಮಗ್ಗದಲ್ಲಿ ಹೆಂಗಸರು ಹತ್ತಿಯ ನೂಲಿನಿಂದ ನೇಯುವ ಚಪ್ಪಟೆಯ ಹಾಸು. ಪಗಡೆಯ ಹಾಸೂ ನವಿಲೂ ಅದರ ಪ್ರಸಿದ್ಧವಾದ ಚಿತ್ರಗಳು. 2011ರಲ್ಲಿ ಅದಕ್ಕೂ ಭೌಗೋಳಿಕ ಸೂಚಿಯು ದೊರೆತಿದೆ. ಅದನ್ನು ನೇಯಬಲ್ಲ ಕೈಗಳು ಇಂದು ಬೆರಳೆಣಿಕೆಗೆ ಇಳಿದಿವೆ. ಆ ನವಿಲನ್ನೇ ಸೂಜಿಯಿಂದ ಕುಚ್ಚಿನಲ್ಲಿ ಮೂಡಿಸಿ ‘ನವಲಗುಂದದ ಮಾದರಿ, ಕೈಯಿಂದ ಮಾಡಿದ್ದು’ ಎಂದು ಮಾರುವುದಕ್ಕೆ ಇಂದು ಯಾವ ಕುಶಲತೆಯೂ ಬೇಕಾಗಿಲ್ಲ. ಹಾಗೆ ಮಾರಿದ ದಿನ ನವಲಗುಂದದ ಹೆಂಗಸಿಗೆ ತನ್ನ ಮಗಳನ್ನು ಮಗ್ಗದ ಮುಂದೆ ಕೂರಿಸಬೇಕೆಂಬ ಮನಸ್ಸು ಉಳಿದೀತೆ?

ಕೇಂದ್ರದ ಜವಳಿ ಇಲಾಖೆಯವರಲ್ಲಿ ನಮ್ಮ ವಿಜ್ಞಾಪನೆಯು ಇಷ್ಟೆ. ದೇಶದೊಳಗೆ ಮಾರಾಟವಾಗುವ ಪ್ರತಿಯೊಂದು ಕೈಕೆಲಸದ ಕಂಬಳಿಯ ಬೆನ್ನಿಗೂ ಅದು ಗಂಟಿನದೋ, ಕುಚ್ಚಿನದೋ, ಮಗ್ಗದ ಚಪ್ಪಟೆ ನೇಯ್ಗೆಯದೋ ಎಂಬುದನ್ನು ಗಿರಾಕಿಯ ಭಾಷೆಯಲ್ಲಿ ಬರೆದ ಚೀಟಿಯೊಂದನ್ನು ಹೊಲಿಯುವುದು ಕಡ್ಡಾಯವಾಗಬೇಕು. ಕುಚ್ಚಿನದಾದರೆ ಸೂಜಿಯು ಬರಿಗೈಯಿಂದ ನಡೆದುದೋ ವಿದ್ಯುತ್ತಿನಿಂದ ನಡೆದುದೋ ಎಂಬುದೂ, ಅಂಟು ಬಳಸಿರುವ ಸಂಗತಿಯೂ ಅದರಲ್ಲಿರಬೇಕು. ಸರಕಿನ ಗುಣವನ್ನು ತಪ್ಪಾಗಿ ಬಿಂಬಿಸುವುದು ಅನುಚಿತ ವ್ಯಾಪಾರವೆಂದು 2019ರ ಗ್ರಾಹಕರ ರಕ್ಷಣಾ ಶಾಸನವು ಹೇಳಿಯೇ ಇದೆ. ಚೀಟಿಯು ಬಂದರೆ ಆ ಶಾಸನಕ್ಕೆ ಹಲ್ಲು ಬರುತ್ತದೆ. ಆ ಅಪ್ಪಣೆಯು ಬರುವವರೆಗೆ ನಮ್ಮ ರಾಜ್ಯದ ಅಧಿಕಾರಿವರ್ಗದವರು ಕಾದು ಕೂರಬೇಕಾದುದಿಲ್ಲ. ಕಚೇರಿಗಳಿಗೂ ಅತಿಥಿಗೃಹಗಳಿಗೂ ಹಾಸುಗಳನ್ನು ಕೊಳ್ಳುವಾಗ ಟೆಂಡರಿನ ಪಟ್ಟಿಯಲ್ಲಿ ‘ಕೈಯಿಂದ ಮಾಡಿದ್ದು’ ಎಂದು ಬರೆದು ಸುಮ್ಮನಾಗದೆ ಯಾವ ಬಗೆಯದೆಂದು ಕಾಣಿಸಬಹುದು. ಸರಕು ಬಂದ ದಿನ ಉಗ್ರಾಣದ ಗುಮಾಸ್ತೆಯು ರುಜು ಹಾಕುವ ಮೊದಲು ಒಂದು ಮೂಲೆಯನ್ನು ಮಗುಚಿ ನೋಡಬಹುದು. ಸರಕಾರದ ಕರಕುಶಲ ಮಳಿಗೆಗಳವರು ಮುಂದಿನ ದಸರೆಯ ವಸ್ತುಪ್ರದರ್ಶನದೊಳಗಾಗಿ ತಮ್ಮಲ್ಲಿರುವ ಕಂಬಳಿಗಳಿಗೆಲ್ಲ ಇಂಥ ಚೀಟಿಗಳನ್ನು ಹೊಲಿಸಲಿ. ನವಲಗುಂದದ ಜಮಖಾನೆಯಿಂದಲೇ ಅದನ್ನು ಆರಂಭಿಸಬಹುದು.